ಈ ಸಲ ಉಲ್ಟಾ ದಿಕ್ಕಿನಲ್ಲಿ

ಬರ್ನ್, ಸ್ವಿಟ್ಜರ್ಲೆಂಡ್
ಆಗಸ್ಟ್ 9

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಲ್ಲಿ ಮಳೆ ಇನ್ನೂ ಬಿಟ್ಟಿಲ್ಲ ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯೋಕೆ ಹೊಳವು ಸಿಕ್ಕಿತಾ?

ಒಂದು ವಿಷಯ ಇದೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಗಾಬರಿಯಾಗುತ್ತೀರಿ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಈ ತಿಂಗಳ ಕೊನೆಯ ಶನಿವಾರ ನಾನೂ ನನ್ನ ಹುಬ್ಬಳ್ಳಿ ಗೆಳತಿಯೂ ಸೈಕಲ್‌ನಲ್ಲಿ ಮೂರು ಘಾಟಿ ಹತ್ತಿಳಿದು ಹೊರಟ ಊರಿಗೇ ವಾಪಸ್ ಬರಬೇಕು ಅಂತಿದ್ದೇವೆ. ಸುಸ್ಟೆನ್, ಫುರ್ಕಾ, ಗ್ರಿಮ್ಸೆಲ್. ಒಟ್ಟು ಸುಮಾರು 120 ಕಿಲೋಮೀಟರ್. ದೂರ ಏನೂ ಅಲ್ಲ, ಏರೇ ಕಷ್ಟ. ಹತ್ತೋದನ್ನೆಲ್ಲ ಕೂಡಿಸಿದರೆ ಮೂರೂವರೆ ಸಾವಿರ ಮೀಟರ್ ಆಗುತ್ತೆ. ಹೊರಡೋ ಊರು ಇನರ್ಟ್‌ಕಿರ್ಖೆನ್ ಹೆಚ್ಚುಕಡಿಮೆ ನಮ್ಮ ಆಗುಂಬೆಯಷ್ಟು ಎತ್ತರದಲ್ಲಿದೆ. ಮೂರು ಘಾಟಿಯ ತುದಿಯೂ ಮುಳ್ಳಯ್ಯನಗಿರಿಗಿಂತ ಮೇಲೆ. ಫುರ್ಕಾ ಅಂತೂ 2,429 ಮೀಟರ್.

ಹೋದ ವರ್ಷದ ಒಂದು ಸಂಗತಿ ನಿಮಗೆ ಹೇಳಿರಲಿಲ್ಲ. ಕ್ಷಮಿಸಿ. ಇದೇ ಸುತ್ತಿಗೆ ಒಬ್ಬಳೇ ಹೋಗಿದ್ದೆ. ಎಲ್ಲರೂ ಹಾಗೇ ಹೋಗುತ್ತಾರೆ ಅಂತ ಗ್ರಿಮ್ಸೆಲ್ ಮೊದಲು ಹತ್ತಿದೆ, ಆಮೇಲೆ ಫುರ್ಕಾ. ಸುಸ್ಟೆನ್ ಕೊನೆಗೆ ಉಳಿಯಿತು. ವಾಸೆನ್ ಅನ್ನೋ ಊರಿಂದ 18 ಕಿಲೋಮೀಟರ್, ಒಂದೇ ಸಮನೆ ಏರು, ನಡುವೆ ಉಸಿರು ಬಿಡೋಕೆ ಸಮತಟ್ಟು ಜಾಗವೇ ಇಲ್ಲ. ತುದಿ ಮುಟ್ಟುವಾಗ ಸಂಜೆ ನಾಲ್ಕೂವರೆ. ಅಲ್ಲೊಂದು ಸುರಂಗ ಇದೆ. ಈ ಕಡೆಯಿಂದ ಹೊಕ್ಕಾಗ ಬಿಸಿಲಿತ್ತು, ಆ ಕಡೆ ಹೊರಗೆ ಬಂದರೆ ಆಲಿಕಲ್ಲು. ಇಳಿಜಾರಿನಲ್ಲಿ ಬೆರಳು ಮರಗಟ್ಟಿ ಹೋದವು. ಬ್ರೇಕ್ ಒತ್ತಿದ್ದೇನೋ ಇಲ್ಲವೋ ಅಂತಲೇ ಗೊತ್ತಾಗುತ್ತಿರಲಿಲ್ಲ. ಕಣ್ಣಲ್ಲಿ ಬೆರಳು ನೋಡಿಕೊಂಡು ಒತ್ತಬೇಕಾಯಿತು. ಜೇಬಲ್ಲಿ ಅಮ್ಮ ಕಳಿಸಿದ್ದ ಚಿಕ್ಕಿ ಇತ್ತು, ಆ ಚಳಿಗೆ ಕಲ್ಲಾಗಿ ಹಲ್ಲಿಗೇ ಸಿಗಲಿಲ್ಲ. ರಸ್ತೆ ಪಕ್ಕ ನಿಂತು ಕೈ ಕಂಕುಳಲ್ಲಿ ಇಟ್ಟುಕೊಂಡು ಅತ್ತುಬಿಟ್ಟೆ ಅಪ್ಪ.

ಆವತ್ತು ನಿಮ್ಮ ಮಾತು ನೆನಪಾಯಿತು. ಸೋಮೇಶ್ವರದಿಂದ ಹದಿನಾಲ್ಕು ತಿರುವೂ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಕಾಲದ ಕತೆ ಹೇಳುವಾಗ ನೀವು ಪ್ರತಿ ಸಲ ಹೇಳುತ್ತಿದ್ದಿರಿ, ಮಧ್ಯಾಹ್ನ ಮೋಡ ಏರೋದ್ರೊಳಗೆ ನಾವು ಏರಿರಬೇಕು ಅಂತ. ಇಲ್ಲೂ ಹಾಗೇ. ಬೇಸಿಗೆಯಲ್ಲಿ ಬೆಳಿಗ್ಗೆ ಆಕಾಶ ಶುಭ್ರ, ಮಧ್ಯಾಹ್ನ ಕಳೆದ ಮೇಲೆ ಗುಡುಗು.

ಅದಕ್ಕೇ ಈ ಸಲ ಉಲ್ಟಾ ಹೋಗುತ್ತಿದ್ದೇವೆ. ಸುಸ್ಟೆನ್ ಮೊದಲು. ಇನರ್ಟ್‌ಕಿರ್ಖೆನ್ ಕಡೆಯಿಂದ ಅದು 28 ಕಿಲೋಮೀಟರ್, 1,600 ಮೀಟರ್ ಏರು. ಇಡೀ ದಿನದ ದೊಡ್ಡ ಕೆಲಸ ಅದೇ. ಆರಕ್ಕೆ ಹೊರಟರೆ ಒಂಬತ್ತರ ಹೊತ್ತಿಗೆ ಮುಗಿಯುತ್ತೆ. 1946ರಲ್ಲಿ ತೆರೆದ ರಸ್ತೆ ಅದು, ಕಾರುಗಳಿಗೆ ಅಂತಲೇ ಕಟ್ಟಿದ್ದು. ಹಾಗಾಗಿ ಏರು ದೀರ್ಘ, ಆದರೆ ದಿಢೀರ್ ಕಡಿದಾಗೋದಿಲ್ಲ. ಮತ್ತೆ ಕೊನೆಗೆ ಉಳಿಯೋ ಗ್ರಿಮ್ಸೆಲ್, ಫುರ್ಕಾ ಇಳಿದು ಬರೋ ಕಡೆಯಿಂದ ಬರೀ ಆರು ಕಿಲೋಮೀಟರ್, 400 ಮೀಟರ್ ಏರು. ಎಷ್ಟೇ ಸುಸ್ತಾಗಿದ್ದರೂ ಅಷ್ಟು ಹತ್ತಬಹುದು. ಅಲ್ಲಿಂದ ಊರಿನವರೆಗೆ 26 ಕಿಲೋಮೀಟರ್ ಇಳಿಜಾರೇ.

ತೊಂದರೆ ಇಲ್ಲ ಅಂತಲ್ಲ. ಸುಸ್ಟೆನ್ ಇಳಿದ ಮೇಲೆ ವಾಸೆನ್‌ನಿಂದ ಫುರ್ಕಾ ಬುಡದ ಊರು ಆಂಡರ್‌ಮಾಟ್‌ಗೆ ಹತ್ತು ಕಿಲೋಮೀಟರ್ ಕಣಿವೆಯೊಳಗೆ ಹತ್ತಬೇಕು, ಲಾರಿ ಕಾರು ಜಾಸ್ತಿ. ಉಲ್ಟಾ ಹೋಗೋದಕ್ಕೆ ಇದೊಂದು ದಂಡ. ಹಿಂದೆ ಮುಂದೆ ಎರಡೂ ದೀಪ ಹಾಕಿಕೊಂಡೇ ಹೋಗುತ್ತೇವೆ.

ಆಂಡರ್‌ಮಾಟ್‌ನಲ್ಲಿ ರೈಲ್ವೆ ಸ್ಟೇಷನ್ ಇದೆ. ನಮ್ಮ ಲೆಕ್ಕಾಚಾರ ಪೂರ್ತಿ ಇದರ ಮೇಲೇ ನಿಂತಿದೆ. ಹನ್ನೊಂದೂವರೆಯೊಳಗೆ ಅಲ್ಲಿ ಇರಬೇಕು, ಪಶ್ಚಿಮಕ್ಕೆ ಮೋಡ ಕಟ್ಟಿರಬಾರದು. ಎರಡರಲ್ಲಿ ಒಂದು ತಪ್ಪಿದರೂ ಸೈಕಲ್ ರೈಲಿಗೆ ಹಾಕಿ ವಾಪಸ್. ಅಲ್ಲಿ ನಿಂತು ಚರ್ಚೆ ಮಾಡೋದಿಲ್ಲ ಅಂತ ಇಬ್ಬರೂ ಈಗಲೇ ಮಾತು ಕೊಟ್ಟುಕೊಂಡಿದ್ದೇವೆ. ಹತ್ತಿ ದಣಿದ ತಲೆ, ಇನ್ನೊಂದು ಹತ್ತಿಬಿಡೋಣ ಅಂತಲೇ ಹೇಳುತ್ತೆ. ಹೋದ ವರ್ಷ ನಾನು ಅದರ ಮಾತನ್ನೇ ಕೇಳಿದ್ದೆ.

ಬ್ರೇಕ್ ಪ್ಯಾಡ್ ಹೊಸದು ಹಾಕಿಸಿದೆ. ಹಿಂದಿನ ಚಕ್ರಕ್ಕೆ 34 ಹಲ್ಲಿನ ಗೇರ್ ಇದೆ, ಕೂತುಕೊಂಡೇ ಹತ್ತಬಹುದು. ದಪ್ಪ ಗ್ಲೌಸ್, ಮಳೆ ಕೋಟು. ಚಿಕ್ಕಿ ಈ ಸಲ ಒಳ ಅಂಗಿಯ ಜೇಬಲ್ಲಿ, ಮೈ ಬಿಸಿಗೆ ಮೆತ್ತಗಿರುತ್ತೆ.

ಫುರ್ಕಾ ನಿಮಗೆ ತೋರಿಸಬೇಕು ಅಪ್ಪ. ತುದಿಯಿಂದ ಈ ಕಡೆ ಬಿದ್ದ ಮಳೆ ರಾಯ್ಸ್ ನದಿಗೆ ಸೇರಿ, ರೈನ್ ನದಿಯ ಜೊತೆ ಉತ್ತರ ಸಮುದ್ರಕ್ಕೆ ಹೋಗುತ್ತೆ. ಆ ಕಡೆ ಬಿದ್ದದ್ದು ರೋನ್ ನದಿ ಸೇರಿ ಮೆಡಿಟರೇನಿಯನ್‌ಗೆ. ನಮ್ಮಲ್ಲಿ ಸೀತಾ ನದಿ ಪಡುವಣಕ್ಕೆ, ತುಂಗೆ ಮೂಡಣಕ್ಕೆ ಹೋಗೋ ಹಾಗೆ. ತುದಿ ದಾಟಿ ಇಳಿದರೆ ರೋನ್ ಹಿಮನದಿ. 1850ರ ಸುಮಾರಿಗೆ ಅದು ಕೆಳಗೆ ಗ್ಲೆಚ್ ಊರಿನ ಹತ್ತಿರದವರೆಗೆ ಚಾಚಿತ್ತಂತೆ. ಈಗ ಮೇಲೆ ಬಂಡೆಗಳ ಹಿಂದೆ ಸರಿದುಬಿಟ್ಟಿದೆ. ಕರಗದಿರಲಿ ಅಂತ ಅಂಚಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಹತ್ತಿರದಿಂದ ನೋಡಿದರೆ ಬಟ್ಟೆ ಮಣ್ಣು ಹಿಡಿದು, ಅಲ್ಲಲ್ಲಿ ಹರಿದು, ಅಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಯಿಲೆಯವರಿಗೆ ಕಂಬಳಿ ಹೊದಿಸಿದ ಹಾಗೆ ಕಂಡಿತು. ತುಂಬಾ ಹೊತ್ತು ಅಲ್ಲೇ ನಿಂತಿದ್ದೆ.

ಇಲ್ಲಿನ ಹಳದಿ ಪೋಸ್ಟ್ ಬಸ್ಸು ಘಾಟಿ ತಿರುವಿನಲ್ಲಿ ಮೂರು ಸ್ವರದ ಹಾರ್ನ್ ಹೊಡೆಯುತ್ತೆ. ಕೇಳಿದಾಗಲೆಲ್ಲ ಆಗುಂಬೆ ತಿರುವಿನ ಮಿನಿ ಬಸ್ಸು ಕಣ್ಮುಂದೆ ಬರುತ್ತೆ.

ಸುಸ್ಟೆನ್ ತುದಿಯಿಂದ ಒಂದು ಮೆಸೇಜು, ಆಂಡರ್‌ಮಾಟ್‌ನಿಂದ ಒಂದು ಫೋನು ಮಾಡುತ್ತೇನೆ. ಸಂಜೆ ನಾಲ್ಕಕ್ಕೆ, ಅಂದರೆ ನಿಮ್ಮ ಏಳೂವರೆಗೆ ಕೆಳಗೆ ಇರುತ್ತೇವೆ. ಮಧ್ಯೆ ನೆಟ್‌ವರ್ಕ್ ಹೋಗಬಹುದು, ಒಂಬತ್ತರವರೆಗೆ ಚಿಂತೆ ಮಾಡಬೇಡಿ.

ಈ ಕಾಗದ ಅಮ್ಮನಿಗೆ ನೀವೇ ಓದಿ ಹೇಳಿ. ಆಲಿಕಲ್ಲಿನ ವಿಷಯ ಬಿಡಬೇಡಿ. ನಾನೇ ಹೇಳೋಕೆ ಹೋದರೆ ಗಂಟಲು ಕಟ್ಟುತ್ತೆ.

ನಿಮ್ಮ ಮಗಳು