ಮೊದಲ ಪ್ರತಿ ಕಾಕಾಗೆ

ನಿನ್ನೆ ನನ್ನ ಪುಸ್ತಕದ ಕಟ್ಟುಗಳು ಮನೆಗೆ ಬಂದವು. 1515ರಲ್ಲಿ ಗೋವಾದಿಂದ ಪೋರ್ಚುಗಲ್‌ಗೆ ಹಡಗಿನಲ್ಲಿ ಹೋದ ಒಂದು ಘೇಂಡಾಮೃಗದ ಕತೆ ಅದು. “ನಿನ್ನ ಘೇಂಡಾಮೃಗ ಎಲ್ಲಿಗೆ ಬಂತು?” ಅಂತ ನಾಲ್ಕು ವರ್ಷ ಕಾಡಿದವರು ಇನ್ನು ಬೇರೆ ಏನಾದರೂ ಕೇಳಬಹುದು. ಪಣಜಿಯಲ್ಲಿ ಪೋರ್ಚುಗೀಸ್ ಓದಿ ಅರ್ಥ ಹೇಳಿದ ಗೆಳತಿ, ಕರಡು ತಿದ್ದಿದ ಧಾರವಾಡದ ಮೇಷ್ಟ್ರು, ಪುಣೆಯ ಆಫೀಸಿನಲ್ಲಿ ನನ್ನ ಪಾಳಿಯನ್ನೂ ಮಾಡಿದ ಗೆಳೆಯರು, ಸಾಲ ಕೊಟ್ಟು ಮರೆತವರ ಹಾಗೆ ಇದ್ದ ಭಾವ, ಎಲ್ಲರಿಗೂ ಕೈಮುಗಿಯುತ್ತೇನೆ.

ಜಾಸ್ತಿ ಹೇಳಬೇಕಿರುವುದು ಕೆಳಗಿನ ಮನೆಯ ಕಾಕಾ ಬಗ್ಗೆ.

ಕಾಕಾ ಬಾಗಲಕೋಟೆ ಕಡೆಯವರು. 16ನೇ ವಯಸ್ಸಿಗೆ ಪುಣೆಗೆ ಬಂದು, ರೇಸ್ ಕುದುರೆಗಳ ಲಾಯದಲ್ಲಿ 30 ವರ್ಷ ಸಾಯಿಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಆಗಿದ್ದವರು. ಪುಸ್ತಕ ಅರ್ಧದಲ್ಲಿದ್ದಾಗ ನಾನು ಜ್ವರದಿಂದ ಆಸ್ಪತ್ರೆಯಲ್ಲಿ ಮಲಗಿದ್ದ ರಾತ್ರಿ ನಿಮ್ಮಲ್ಲಿ ಹಲವರಿಗೆ ಗೊತ್ತು, ಪೂರ್ತಿ ಮತ್ತೆ ಹೇಳಲ್ಲ. ಹುಬ್ಬಳ್ಳಿಯಿಂದ ಹೊರಟಿದ್ದ ಹೆಂಡತಿಯ ರೈಲು ಮಳೆಗೆ ಸಿಕ್ಕಿ ಮಧ್ಯದಲ್ಲೇ ನಿಂತಿತ್ತು. ಕಾಕಾ ಸ್ಟೂಲ್ ಎಳೆದುಕೊಂಡು ಕೂತರು. “ಕುದುರಿಗೆ ಹೊಟ್ಟಿಶೂಲಿ ಬಂದ್ರ ನಾವು ರಾತ್ರಿಯೆಲ್ಲಾ ಎಚ್ಚರ ಇರತಿದ್ವಿ” ಅಂದು ನನ್ನ ಕಾಲು ತಿಕ್ಕತೊಡಗಿದರು.

ಎರಡು ಗಂಟೆಗೆ ನಾನು ಹೆದರಿ ಅತ್ತೆ. “ಉಳಿಯಲ್ಲ ಕಾಕಾ. ಪುಸ್ತಕವೂ ಅರ್ಧಕ್ಕೇ ಹೋಯ್ತು.” ಅವರು ಸಮಾಧಾನ ಹೇಳಲಿಲ್ಲ. “ಕತಿ ಹೇಳು” ಅಂದರು.

ಹೇಳಿದೆ. ಗುಜರಾತಿನ ಸುಲ್ತಾನ ಮುಜಫರ್ ಶಾ ಕೊಟ್ಟ ಘೇಂಡಾಮೃಗವನ್ನು 1515ರ ಜನವರಿಯಲ್ಲಿ ಗೋವಾದಿಂದ ಹಡಗು ಹತ್ತಿಸಿದ್ದು. ನಾಲ್ಕು ತಿಂಗಳು ಬರೀ ಸಮುದ್ರ, ಮೇ 20ಕ್ಕೆ ಪೋರ್ಚುಗಲ್‌ನ ಲಿಸ್ಬನ್. ಅಲ್ಲಿನ ದೊರೆ ಮನುಯೆಲ್ ಅದನ್ನು ರಿಬೇರಾ ಅರಮನೆಯಲ್ಲಿ ಇರಿಸಿದ್ದು. ಜೂನ್‌ನಲ್ಲಿ ಆನೆಯ ಜೊತೆ ಕಾದಾಟಕ್ಕೆ ಬಿಟ್ಟಾಗ ಆನೆಯೇ ಓಡಿಹೋಗಿದ್ದು. ಆಮೇಲೆ ಪೋಪ್‌ಗೆ ಉಡುಗೊರೆ ಅಂತ ಕಳಿಸಿದ ಹಡಗು 1516ರಲ್ಲಿ ಇಟಲಿಯ ಕರಾವಳಿಯಲ್ಲಿ ಮುಳುಗಿದ್ದು. ಸರಪಳಿ ಹಾಕಿದ್ದ ಪ್ರಾಣಿಗೆ ಈಜಲೂ ಆಗದೆ ಹೋದದ್ದು.

ಕಾಕಾ ಕೇಳಿದ್ದೇ ಬೇರೆ. “ಹಡಗಿನ್ಯಾಗ ಅದಕ್ಕ ಏನ ಹಾಕತಿದ್ರು?”

“ಒಣಹುಲ್ಲು, ಅನ್ನ.”

“ಹಾಕಾಂವ ಯಾರು?”

ಓಸೆಂ ಅನ್ನುವವನೊಬ್ಬ ಜೊತೆಗೆ ಹೋಗಿದ್ದ. ನನ್ನ ಕರಡಿನಲ್ಲಿ ದೊರೆಗಳಿಗೆ ಏಳು ಅಧ್ಯಾಯ, ಅವನಿಗೆ ಅರ್ಧ ಸಾಲು. ಜ್ವರದಲ್ಲೂ ನಾಚಿಕೆಯಾಯಿತು. ಬೆಳಗಾಗುವವರೆಗೂ ಕಾಕಾ ಹೇಳುತ್ತಾ ಹೋದರು. ಹೊಸ ಜಾಗದಲ್ಲಿ ಪ್ರಾಣಿ ಮೇವು ಮುಟ್ಟದಿದ್ದರೆ ಪಕ್ಕದಲ್ಲೇ ಮಲಗಬೇಕಂತೆ, ಗೊತ್ತಿರುವ ಮೈವಾಸನೆ ಹತ್ತಿರ ಇರಬೇಕಂತೆ. ಮಾಲೀಕರು ಫೋಟೋ ತೆಗೆಸಿಕೊಳ್ಳುವ ದಿನ ಮಾತ್ರ ಸಾಯಿಸ್ ಹಿಂದೆ ಸರಿಯಬೇಕಂತೆ. ಮನೆಗೆ ಬಂದ ಮೇಲೆ ಮೊದಲ ಅಧ್ಯಾಯ ಕಿತ್ತುಹಾಕಿ, ಮೇವು ಹಾಕುವವನಿಂದ ಶುರು ಮಾಡಿದೆ.

ನಿನ್ನೆ ಸಂಜೆ ಮೊದಲ ಪ್ರತಿ ಕಾಕಾ ಕೈಗೆ ಕೊಟ್ಟೆ. ಮುಖಪುಟದಲ್ಲಿ ಅದೇ ಘೇಂಡಾಮೃಗದ್ದು, ಜರ್ಮನ್ ಕಲಾವಿದ ಡ್ಯೂರರ್ ಮಾಡಿದ ಮರದಚ್ಚಿನ ಚಿತ್ರ. (ಆತ ಪ್ರಾಣಿಯನ್ನು ಕಣ್ಣಾರೆ ಕಂಡೇ ಇರಲಿಲ್ಲ, ಅದು ಬೇರೆ ಮಾತು.) ಕನ್ನಡಕ ಏರಿಸಿ ನೋಡಿದರು. “ಕಾಲು ಸರಿ ತಗದಿಲ್ಲ. ಅಂವ ಎಲ್ಲದಾನ?”

ಮೊದಲ ಪುಟ ತೆರೆದು ತೋರಿಸಿದೆ. ಬೆರಳಿಟ್ಟು ಓದಿದರು, “ಓ... ಸೆಂ.” ಸ್ವಲ್ಪ ಹೊತ್ತು ಸುಮ್ನೆ ಕೂತರು.

“ಹುಸೇನ ಇರಬೇಕು. ನಮ್ಮ ಲಾಯದಾಗೂ ಒಬ್ಬಂವ ಇದ್ದ.”