ತವರುಮನೆ ಕೆಡವುವ ಮುಂಚೆ

ಸಕಲೇಶಪುರ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಕಾಫಿ ಕೊಯ್ಲು ಮುಗಿಯುತ್ತ ಬಂತು, ಕಣದಲ್ಲಿ ರೊಬಸ್ಟಾ ಒಣಗುತ್ತಿದೆ. ನೀನು ಕಳಿಸಿದ ಮನೆ ನಕ್ಷೆಯನ್ನು ನಿಮ್ಮ ಮಾವ ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ಎರಡು ಸಲ ನೋಡಿದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಲು ಹೋದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೂಡಿಗೆರೆ ಮನೆ ಈಗ ನಿನ್ನದು. ನನಗೆ ಅದು ತವರು. ಕೆಡವಬೇಡ ಅನ್ನುವ ಹಕ್ಕು ನನಗಿಲ್ಲ. ನೀವೆಲ್ಲ ಬೆಂಗಳೂರು ಬಿಟ್ಟು ಊರಿಗೆ ಬರುತ್ತೀರಿ ಅಂತ ಕೇಳಿ ನನ್ನಷ್ಟು ಸಂತೋಷಪಟ್ಟವರು ಯಾರೂ ಇಲ್ಲ. ಆ ಮನೆಯಲ್ಲಿ ಮತ್ತೆ ಒಲೆ ಉರಿಯುತ್ತದಲ್ಲ, ಅದೇ ದೊಡ್ಡದು.

ಆದರೆ ಒಂದು ಮಾತು. "ಪರಿಸರಕ್ಕೆ ಹೊರೆಯಾಗದ ಹಾಗೆ ಕಟ್ಟಬೇಕು, ಯಾವ ಸಾಮಾನು ತಗೊಳ್ಳಲಿ ಅತ್ತೆ?" ಅಂತ ಕೇಳಿದ್ದೀಯ. ಅದೇ ಮೆಸೇಜಿನ ಕೊನೆಗೆ "ಮುಂದಿನ ವಾರ ಜೆಸಿಬಿ ಬರುತ್ತೆ, ಹಳೇ ಮನೆ ಒಂದೇ ದಿನದಲ್ಲಿ ಕ್ಲಿಯರ್" ಅಂತಲೂ ಬರೆದಿದ್ದೀಯ. ಇವೆರಡೂ ಒಟ್ಟಿಗೆ ಆಗುವುದಿಲ್ಲ ಕಣೇ. ಜೆಸಿಬಿ ಕ್ಲಿಯರ್ ಮಾಡುವುದು ಕಸವನ್ನಲ್ಲ, ನಿನಗೆ ಬೇಕಾದ ಸಾಮಾನನ್ನೇ.

ಸೂರಿನ ಮೇಲಿರುವ ಹೆಂಚು ನೋಡು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಮಲೆನಾಡಿನ ಹುಲ್ಲಿನ ಮನೆಗಳೆಲ್ಲ ಒಂದೊಂದಾಗಿ ಹೆಂಚಿನ ಮನೆಗಳಾದವು. ನಮ್ಮನೆ ಹೆಂಚು ಚಾರ್ಮಾಡಿ ಘಾಟಿ ಹತ್ತಿ ಎತ್ತಿನ ಗಾಡಿಯಲ್ಲಿ ಬಂದದ್ದು ಅಂತ ನಿನ್ನ ಅಜ್ಜ ಹೇಳುತ್ತಿದ್ದರು. ಪ್ರತಿ ಬೇಸಿಗೆ ಹೆಂಚು ಕೈಯಾಡಿಸುವಾಗ ನಾನು ಏಣಿ ಕೆಳಗೆ ನಿಂತು ಒಂದೊಂದೇ ಇಸ್ಕೊಳ್ಳುತ್ತಿದ್ದೆ. ತೆಂಗಿನ ನಾರಿನಲ್ಲಿ ಪಾಚಿ ಉಜ್ಜಬೇಕು. ಎಡಗೈ ಮೇಲೆ ಹೆಂಚು ಇಟ್ಟುಕೊಂಡು ಬಲಗೈ ಬೆರಳಿನ ಗೆಣ್ಣಿನಿಂದ ತಟ್ಟಬೇಕು. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ. ಕಣ್ಣಿಗೆ ಕಾಣದ ಬಿರುಕು ಇದ್ದರೂ ಸಾಕು, ಬೊದ್ ಅಂತ ಸುಮ್ಮನಾಗುತ್ತದೆ. ಹೋದ ವರ್ಷ ಹಬ್ಬಕ್ಕೆ ಬಂದಾಗ ಜಗಲಿ ಮೇಲಿನ ಹತ್ತು ಹೆಂಚು ತಟ್ಟಿ ನೋಡಿದೆ. ಎಂಟು ಠಣ್ ಅಂದವು. ಆ ಹೆಂಚು ಸುಡಲು ಉರಿಯಬೇಕಾದ ಸೌದೆ ಯಾವತ್ತೋ ಉರಿದು ಹೋಗಿದೆ. ಮತ್ತೆ ಬಳಸಿದರೆ ಹೊಸದಾಗಿ ಏನೂ ಸುಡಬೇಕಾಗಿಲ್ಲ. ತೊಲೆ, ಪಕಾಸು, ಹಲಸಿನ ಬಾಗಿಲು, ಪಾಯದ ಸೈಜುಗಲ್ಲು, ಎಲ್ಲದಕ್ಕೂ ಇದೇ ಲೆಕ್ಕ. ಅಂಗಡಿಯಲ್ಲಿ "ಗ್ರೀನ್" ಅಂತ ಚೀಟಿ ಹಚ್ಚಿರುವ ಯಾವ ಸಾಮಾನೂ ಇದಕ್ಕೆ ಸಾಟಿಯಲ್ಲ.

ಈಗ ಸಿಮೆಂಟಿನ ವಿಷಯ. ಸುಣ್ಣದ ಕಲ್ಲನ್ನು ಜೇಡಿಮಣ್ಣಿನ ಜೊತೆ ಅರೆದು ಸುಮಾರು 1450 ಡಿಗ್ರಿ ಕಾಯಿಸಿದರೆ ಸಿಮೆಂಟ್ ಆಗುತ್ತದೆ. ಉರಿಯುವ ಕಲ್ಲಿದ್ದಲಿನ ಹೊಗೆ ಒಂದು ಕಡೆ. ಕಲ್ಲಿನೊಳಗೇ ಕೂತಿರುವ ಇಂಗಾಲದ ಡೈಆಕ್ಸೈಡ್ ಹೊರಗೆ ಬರುವುದು ಇನ್ನೊಂದು ಕಡೆ. ಅದಕ್ಕೇ ಒಲೆಗೆ ಯಾವ ಸೌದೆ ಹಾಕಿದರೂ ಸಿಮೆಂಟಿನ ಹೊರೆ ಪೂರ್ತಿ ಇಳಿಯುವುದಿಲ್ಲ. ಪ್ರಪಂಚದಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ನೂರಕ್ಕೆ 7–8 ಪಾಲು ಇದೊಂದರಿಂದಲೇ. 50 ಕೆಜಿಯ ಒಂದು ಮೂಟೆಗೆ ಸುಮಾರು 30ರಿಂದ 40 ಕೆಜಿ ಅಂತ ಇಟ್ಟುಕೋ. ಮೇಸ್ತ್ರಿಗಳು ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, 40 ಮೂಟೆ ಅಂತ ಅಂದಾಜು ಹಾಕುತ್ತಾರೆ. ನಿನ್ನ ನಕ್ಷೆ 24 ಚದರ. ಅಂದರೆ 960 ಮೂಟೆ. ಗಾಳಿಗೆ ಹೋಗುವುದು ಸುಮಾರು 29ರಿಂದ 38 ಟನ್. ಕಬ್ಬಿಣದ್ದು ಬೇರೆ. ನಮ್ಮ ದೇಶದಲ್ಲಿ ಒಂದು ಟನ್ ಉಕ್ಕು ಮಾಡಲು ಎರಡು ಟನ್ನಿಗೂ ಜಾಸ್ತಿ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ.

ಇರುವವರು ನಾಲ್ಕು ಜನ. ನಕ್ಷೆಯಲ್ಲಿ ಐದು ಬೆಡ್‌ರೂಮು, ಐದು ಬಾತ್‌ರೂಮು, ಮೇಲೊಂದು ಹೋಮ್ ಥಿಯೇಟರು. ನೆಂಟರು ಬಂದರೆ ಅಂತ ನೀನು ಹೇಳಬಹುದು. ನಿನ್ನ ಚಿಕ್ಕಪ್ಪನ ಮದುವೆಗೆ ಆ ಮನೆಯಲ್ಲಿ ಅರವತ್ತು ಜನ ಮಲಗಿದ್ದೆವು, ಅಟ್ಟದ ಮೇಲೆ, ಜಗಲಿಯಲ್ಲಿ, ಚಾಪೆ ಹಾಸಿಕೊಂಡು. 24 ಚದರವನ್ನು 16ಕ್ಕೆ ಇಳಿಸು. ಯಾವ ಹೊಸ ತಂತ್ರವೂ ಇಲ್ಲದೆ 320 ಮೂಟೆ ಅಲ್ಲೇ ಉಳಿಯಿತು ಅಲ್ವಾ?

ನಾನು ಸಿಮೆಂಟ್ ಬೇಡವೇ ಬೇಡ ಅನ್ನುವವಳಲ್ಲ. ಬಚ್ಚಲಿಗೆ, ಲಿಂಟಲ್ಲಿಗೆ, ಭಾರ ಹೊರುವ ಬೀಮಿಗೆ ಅದೇ ಬೇಕು. ತಗೊಳ್ಳುವಾಗ ಪಿಪಿಸಿ ಅನ್ನುವ ಸಿಮೆಂಟ್ ತಗೋ. ಅದರಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಲ್ಲಿ ಉಳಿಯುವ ಹಾರುಬೂದಿ ಸೇರಿರುತ್ತದೆ, ಸುಟ್ಟ ಕಲ್ಲಿನ ಪಾಲು ಅಷ್ಟು ಕಡಿಮೆ. ಕಬ್ಬಿಣದ ಕಾರ್ಖಾನೆಯ ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟ್ ಸಿಕ್ಕರೆ ಅದೂ ಒಳ್ಳೆಯದು. ಆದರೆ ಇವು ನಿಧಾನಕ್ಕೆ ಗಟ್ಟಿಯಾಗುವಂಥವು. ಎರಡು ವಾರ ಬಿಡದೆ ನೀರು ಉಣಿಸಬೇಕು. ಮೇಸ್ತ್ರಿ ನಾಲ್ಕನೇ ದಿನಕ್ಕೇ ಸಾಕು ಅಂದರೆ ಒಪ್ಪಬೇಡ.

ನಾನು ಕೆಟ್ಟದ್ದು ಹೇಗೆ ಅಂತ ಹೇಳುತ್ತೇನೆ. 1996ರಲ್ಲಿ ಸಕಲೇಶಪುರದ ಈ ಮನೆಯ ಮುಂದಿನ ಹಾಲಿನ ಹೆಂಚು ತೆಗೆಸಿ ಮೋಲ್ಡ್, ಅಂದರೆ ಕಾಂಕ್ರೀಟ್ ಸೂರು, ಹಾಕಿಸಿದೆ. ಊರಲ್ಲಿ ಎಲ್ಲರೂ ಹಾಕಿಸುತ್ತಿದ್ದರು. ಕೆಲಸ ಹಿಡಿದವರು ಕಂಬಿ ಕೆಳಗೆ ಅದನ್ನು ತಳದಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಡಲಿಲ್ಲ, ಮೇಲೆ ನೀರು ಹರಿಯಲು ಇಳಿಜಾರೂ ಕೊಡಲಿಲ್ಲ. ನನಗೆ ಆಗ ಇದೆಲ್ಲ ಗೊತ್ತಿರಲಿಲ್ಲ. ನಾಲ್ಕನೇ ಮಳೆಗಾಲಕ್ಕೆ ಸೂರಿನ ಒಳಗೆ ಕಂಬಿ ಇರುವ ಕಡೆಯೆಲ್ಲ ಕಂದು ಗೆರೆ ಮೂಡಿದವು, ಚೌಕುಳಿ ಬಟ್ಟೆ ಹಾಗೆ. ಒಂದು ರಾತ್ರಿ ದಢ್ ಅಂತ ಸದ್ದಾಯಿತು. ಎದ್ದು ನೋಡಿದರೆ ಹಾಸಿದ ಜಮಖಾನದ ಮೇಲೆ ಅಂಗೈ ಅಗಲದ ಕಾಂಕ್ರೀಟ್ ಚೂರು ಬಿದ್ದಿತ್ತು. ಸಂಜೆ ಅಲ್ಲೇ ಮಕ್ಕಳು ಕೂತು ಓದುತ್ತಿದ್ದರು. ಅದೇ ವರ್ಷ ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬೇರೆ ಮಾಡಿಸಿದ್ದೆ. ಒಳಗಿನ ತೇವಕ್ಕೆ ಹೊರಗೆ ಬರಲು ದಾರಿ ಇಲ್ಲದೆ ಪ್ಲಾಸ್ಟರ್ ಹಪ್ಪಳದ ಹಾಗೆ ಎದ್ದು ಬಂತು. ಕೊನೆಗೆ ಮೋಲ್ಡಿನ ಮೇಲೆ ತಗಡಿನ ಶೀಟು ಹೊದಿಸಿದೆವು. ಈಗ ನಮ್ಮ ಕಡೆ ತಾರಸಿ ಮನೆಗಳ ಮೇಲೆಲ್ಲ ಶೀಟು ಇದೆಯಲ್ಲ, ಎಷ್ಟೋ ಮನೆಯಲ್ಲಿ ಇದೇ ಕಥೆ. ಒಂದು ಮನೆಗೆ ಎರಡು ಸೂರು, ಎರಡು ಪಟ್ಟು ಸಾಮಾನು.

ನಿಮ್ಮಪ್ಪ ಹೆಂಚು ಬೇಡ ಅನ್ನುವುದು ಮಂಗನ ಕಾಟಕ್ಕೆ. ಅದು ನಿಜವಾದ ಕಷ್ಟ, ತಳ್ಳಿಹಾಕುವಂಥದ್ದಲ್ಲ. ಅದಕ್ಕೊಂದು ದಾರಿ ಇದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬಳಸಿ ಹೆಸರಾದ ಫಿಲ್ಲರ್ ಸ್ಲ್ಯಾಬ್. ಕಂಬಿ ಹೆಣೆದ ಮೇಲೆ ಚೌಕಗಳ ನಡುವೆ ಹಳೇ ಹೆಂಚು ಕೂರಿಸಿ ಅದರ ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ಮೋಲ್ಡಿನ ಕೆಳಭಾಗ ಜಗ್ಗುತ್ತದೆ, ಜಗ್ಗುವುದನ್ನು ತಡೆಯುವುದು ಕಂಬಿ. ಅಲ್ಲಿರುವ ಕಾಂಕ್ರೀಟ್ ಹೆಚ್ಚೇನೂ ಭಾರ ಹೊರುವುದಿಲ್ಲ, ಸುಮ್ನೆ ತೂಕ. ಆ ಜಾಗಕ್ಕೆ ಹೆಂಚು ಕೂರಿಸಿದರೆ ಕಾಂಕ್ರೀಟ್ ಉಳಿಯುತ್ತದೆ, ತೂಕ ಇಳಿಯುತ್ತದೆ, ಕಂಬಿಯೂ ಸ್ವಲ್ಪ ಉಳಿಯುತ್ತದೆ. ಕೆಳಗಿನಿಂದ ನೋಡಿದರೆ ಹೆಂಚಿನ ಕೆಂಪು ಕಾಣುತ್ತದೆ, ಬಣ್ಣ ಬೇಡ. ಮೂಲೆ ಒಡೆದ ಹೆಂಚೂ ಇದಕ್ಕೆ ನಡೆಯುತ್ತದೆ. ಇಳಿಜಾರಾಗಿ ಹಾಕಿಸು, ಗೊತ್ತಿರುವ ಎಂಜಿನಿಯರ್ ಕೈಯಲ್ಲೇ ಕಂಬಿ ಲೆಕ್ಕ ಮಾಡಿಸು. ಜಗಲಿಗೆ ಮಾತ್ರ ಠಣ್ ಅನ್ನುವ ಹೆಂಚನ್ನೇ ಹೊದಿಸು. ಮಳೆ ಹೆಂಚಿನ ಮೇಲೆ ಬೀಳುವ ಸದ್ದು ನಿನ್ನ ಮಕ್ಕಳೂ ಕೇಳಲಿ.

ಗೋಡೆಗೆ ಬರೋಣ. ಇದರ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ. ಮೋಲ್ಡಿನ ಪಾಠ ಆದ ಮೇಲೆ, 2009ರಲ್ಲಿ ಹಿಂದಿನ ಎರಡು ಕೋಣೆ ಕಟ್ಟಿಸುವಾಗ ನಾನು ಮಣ್ಣಿನ ಬ್ಲಾಕಿನಲ್ಲೇ ಕಟ್ಟಿಸಿದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಅಂತ ಒಂದು ತಂಡ ಕಟ್ಟಿದರು, ಹಳ್ಳಿಗೆ ಒಗ್ಗುವ ತಂತ್ರಗಳನ್ನು ಮಾಡಲು. ಕೆ.ಎಸ್. ಜಗದೀಶ್ ಮತ್ತು ಜೊತೆಯವರು ಅಲ್ಲಿ ಮಣ್ಣಿನ ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಕೈಯಲ್ಲೇ ಒತ್ತುವ ಅವರ ಯಂತ್ರದ ಹೆಸರು 'ಮರ್ದಿನಿ'. ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ, ಸ್ವಲ್ಪವೇ ನೀರು ಹಾಕಿ, ಅಚ್ಚಿನಲ್ಲಿ ಒತ್ತುವುದು. ಗೂಡು ಇಲ್ಲ, ಸೌದೆ ಇಲ್ಲ. ಸುಟ್ಟ ಇಟ್ಟಿಗೆಗೆ ಬೇಕಾದ ಶಕ್ತಿಯ ಅರ್ಧವೂ ಬೇಡ.

ಯಾವ ಮಣ್ಣಾದರೂ ಆಗುವುದಿಲ್ಲ. ಮೇಲಿನ ಕಪ್ಪು ಮಣ್ಣು ತೋಟಕ್ಕೆ, ಅದನ್ನು ಗೋಡೆಗೆ ಹಾಕಬಾರದು. ಕೆಳಗಿನ ಕೆಂಪು ಮಣ್ಣು ಬೇಕು. ಒಂದು ಗಾಜಿನ ಬಾಟಲಿಗೆ ಅರ್ಧ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡು. ಮರಳು ಮೊದಲು ತಳ ಸೇರುತ್ತದೆ, ಅದರ ಮೇಲೆ ನುಣುಪು ಮಣ್ಣು, ಕೊನೆಗೆ ಜೇಡಿ ಕೂರುತ್ತದೆ. ಮಾರನೇ ದಿನ ಸ್ಕೇಲ್ ಇಟ್ಟು ನೋಡು. ಮೂರರಲ್ಲಿ ಎರಡು ಪಾಲು ಮರಳು ಇದ್ದರೆ ಒಳ್ಳೆಯ ಮಣ್ಣು. ನಮ್ಮ ಕಡೆ ಜೇಡಿ ಜಾಸ್ತಿ, ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಇಲ್ಲವೇ ಕ್ವಾರಿ ಪುಡಿ ಬೆರೆಸಬೇಕಾಗುತ್ತದೆ. ಹೇಮಾವತಿಯ ಮರಳು ಕೇಳಬೇಡ. ಹೊಳೆ ಎಷ್ಟು ಬತ್ತಿದೆ, ದಡ ಎಷ್ಟು ಕುಸಿದಿದೆ ಅಂತ ನಾನು ಇಲ್ಲಿ ಕೂತು ನೋಡುತ್ತಿದ್ದೇನೆ.

ಒತ್ತಿದ ಬ್ಲಾಕನ್ನು ಚಪ್ಪರದ ನೆರಳಲ್ಲಿ ಪೇರಿಸಿ, ಗೋಣಿ ಹೊದಿಸಿ, ಮೂರು ನಾಲ್ಕು ವಾರ ನೀರು ಚಿಮುಕಿಸಬೇಕು. ಆಮೇಲೆ ಒಂದನ್ನು ಬಕೆಟ್ ನೀರಿನಲ್ಲಿ ಒಂದು ದಿನ ಮುಳುಗಿಸಿಡು. ಅಂಚು ಕರಗಿ ನೀರು ಕೆಂಪಾದರೆ ಆ ಬೆರಕೆ ಸರಿಯಿಲ್ಲ. ನಾನು ಮೊದಲ ಎರಡು ಬೆರಕೆ ಬಿಸಾಡಿಸಿದೆ, ಮೂರನೆಯದು ನಿಂತಿತು. ಹದಿನೈದು ಮಳೆಗಾಲ ದಾಟಿದ ಮೇಲೂ ಆ ಗೋಡೆಯ ಮೇಲೆ ಅಂಗೈ ಇಟ್ಟರೆ ಒಣಗಿಯೇ ಇದೆ. ಅದಕ್ಕೆ ಬ್ಲಾಕ್ ಒಂದೇ ಕಾರಣವಲ್ಲ. ನೆಲದಿಂದ ಎರಡಡಿ ಕಲ್ಲು ಕಟ್ಟಿಸಿದ್ದೇನೆ, ಸೂರು ಮೂರಡಿ ಮುಂದಕ್ಕೆ ಬಿಟ್ಟಿದ್ದೇನೆ. ನಿನ್ನ ನಕ್ಷೆಯಲ್ಲಿ ಸೂರು ಒಂದಡಿಯೂ ಮುಂದಿಲ್ಲ. ಬೆಂಗಳೂರಿನಲ್ಲಿ ಅದು ನಡೆದೀತು, ಮೂಡಿಗೆರೆ ಮಳೆಗೆ ನಡೆಯುವುದಿಲ್ಲ.

ಈ ಕಾಗದದಲ್ಲಿ ನನಗೆ ಎಲ್ಲಕ್ಕಿಂತ ಹೇಳಬೇಕಾಗಿದ್ದು ಇದು: ಬ್ಲಾಕಿಗೆ ಮಣ್ಣು ಹೊರಗಿನಿಂದ ತರಬೇಕಾಗಿಲ್ಲ. ನಿನ್ನ ಅಜ್ಜನ ಮನೆ ಗೋಡೆಯೇ ಮಣ್ಣು. ಒಂದೂವರೆ ಅಡಿ ದಪ್ಪದ ಗೋಡೆ. ನಿಲ್ಲಿಸಿಕೊಳ್ಳಬಹುದಾದ ಗೋಡೆ ನಿಲ್ಲಲಿ. ಮುಂದಿನ ಜಗಲಿ ಮತ್ತು ನಡುಮನೆ ಇನ್ನೂ ಗಟ್ಟಿ ಇವೆ ಅಂತ ನನ್ನ ನಂಬಿಕೆ. ಬೀಳಿಸಲೇಬೇಕಾದ ಹಿಂದಿನ ಭಾಗವನ್ನು ಕೈಯಲ್ಲಿ ಬಿಚ್ಚಿಸಿ, ಮಣ್ಣು ಜರಡಿ ಹಿಡಿದು, ಅದೇ ಮಣ್ಣನ್ನು ಹೊಸ ಬ್ಲಾಕಾಗಿ ಒತ್ತಿಸು. ಜೆಸಿಬಿ ಬಂದರೆ ಹೆಂಚು, ಮರ, ಗಾರೆ, ಮಣ್ಣು ಎಲ್ಲ ಕಲಸಿಹೋಗಿ ಕೆರೆ ಬದಿಗೋ ಹಳ್ಳಕ್ಕೋ ಬೀಳುತ್ತದೆ.

ಹೊರಗಿನ ಗೋಡೆಗೆ ಸುಣ್ಣದ ಗಾರೆ ಮಾಡಿಸು. ಸುಣ್ಣ ಸುಡಲು ಸುಮಾರು 900 ಡಿಗ್ರಿ ಸಾಕು. ಗಟ್ಟಿಯಾಗುವಾಗ ಬಿಟ್ಟದ್ದರಲ್ಲಿ ಒಂದಷ್ಟನ್ನು ಗಾಳಿಯಿಂದ ಮತ್ತೆ ಹೀರಿಕೊಳ್ಳುತ್ತದೆ. ಗೋಡೆಯ ತೇವ ಹೊರಹೋಗಲು ಬಿಡುತ್ತದೆ. ನಮ್ಮೂರ ಹತ್ತಿರದ ಮಂಜರಾಬಾದ್ ಕೋಟೆಯನ್ನು ಟಿಪ್ಪು ಕಟ್ಟಿಸಿದ್ದು 1792ರಲ್ಲಿ. ಕಲ್ಲಿನ ನಡುವೆ ಇರುವುದು ಸುಣ್ಣದ ಗಾರೆಯೇ. ಚಿಕ್ಕವಳಿದ್ದಾಗ ನೀನೇ ಅದರ ಮೇಲೆ ಓಡಾಡಿದ್ದೀಯಲ್ಲ.

ಹಿಂದಿನ ಗುಡ್ಡ ಕಡಿಯಬೇಡ. ನಕ್ಷೆಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಎಂಟಡಿ ಕಡಿಯುವ ಗೆರೆ ನೋಡಿ ನನಗೆ ಎದೆ ಝಲ್ ಅಂತು. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ಹೇಗೆ ಜಾರಿದವು ಅಂತ ನಿಮ್ಮಪ್ಪನನ್ನು ಕೇಳು. ಕಾರು ರಸ್ತೆ ಬದಿಯಲ್ಲೇ ನಿಲ್ಲಲಿ. ಗುಡ್ಡದ ಕಾಲು ಕಡಿದು, ಆಮೇಲೆ ಅದನ್ನು ತಡೆಯಲು ಕಾಂಕ್ರೀಟ್ ಗೋಡೆ ಕಟ್ಟಿ, ಎರಡೂ ಕಡೆ ನಷ್ಟ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ನೆಲಕ್ಕೆ ಗುಜರಾತಿನ ಮೋರ್ಬಿಯಿಂದ ಬರುವ ಟೈಲ್ಸ್ ಬದಲು ರೆಡ್ ಆಕ್ಸೈಡ್ ಮಾಡಿಸು. ಅದರಲ್ಲೂ ಸಿಮೆಂಟ್ ಇದೆ, ಆದರೆ ತೆಳು ಪದರ. ನಡುಮನೆಯ ಕೆಂಪು ನೆಲ ಹಾಗೇ ಇರಲಿ, ನಿನ್ನ ಅಜ್ಜಿ ತೆಂಗಿನೆಣ್ಣೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದ ನೆಲ ಅದು. ಕಿಟಕಿಗೆ ಹೊಸ ಅಲ್ಯೂಮಿನಿಯಂ ಬೇಡ, ಅದನ್ನು ಮಾಡಲು ಟನ್ನಿಗೆ 14,000 ಯೂನಿಟ್‌ಗೂ ಮೇಲೆ ಕರೆಂಟ್ ಹೋಗುತ್ತದೆ. ಹಳೇ ಕಿಟಕಿಗಳನ್ನೇ ಕೀಸಿ ಕೂರಿಸು. ಅಟ್ಟಕ್ಕೆ, ಒಳಗಿನ ಕಪಾಟಿಗೆ ತೋಟದ ಸಿಲ್ವರ್ ಓಕ್ ಸಾಕು. ಹುಳ ಬೇಗ ಹಿಡಿಯುತ್ತದೆ, ಬೋರಾಕ್ಸ್ ನೀರಿನಲ್ಲಿ ನೆನೆಸಿಯೇ ಬಳಸಬೇಕು, ಮಳೆ ತಾಗುವ ಕಡೆ ಹಾಕಬಾರದು. ಬೀಟೆ ಮರಕ್ಕೆ ಯಾರು ಏನೇ ಆಸೆ ಹುಟ್ಟಿಸಿದರೂ ಕೈ ಹಚ್ಚಬೇಡ.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ಕೂಲಿ ಖರ್ಚು ಜಾಸ್ತಿಯಾಗುತ್ತದೆ. ಆ ದುಡ್ಡು ಊರಿನವರ ಕೈಗೇ ಹೋಗುತ್ತದಲ್ಲ. ರೊಬಸ್ಟಾ ಕೊಯ್ಲು ಮುಗಿದ ಮೇಲೆ ಜನ ಸಿಗುತ್ತಾರೆ. ಯುಗಾದಿಯ ಆಸುಪಾಸು ಬ್ಲಾಕ್ ಒತ್ತಲು ಶುರು ಮಾಡಿದರೆ ಮುಂಗಾರಿಗೆ ಮುಂಚೆ ಪೇರಿಸಿ ಮುಚ್ಚಿಡಬಹುದು. ಗೋಡೆ ದೀಪಾವಳಿ ಆದ ಮೇಲೆ ಏಳಲಿ.

ಜೆಸಿಬಿಯವರಿಗೆ ಇವತ್ತೇ ಫೋನ್ ಮಾಡಿ ಬರಬೇಡಿ ಅಂತ ಹೇಳು. ಬರುವ ಭಾನುವಾರ ನಾನೂ ನಿಮ್ಮ ಮಾವನೂ ಮೂಡಿಗೆರೆಗೆ ಬರುತ್ತೇವೆ. ಹಿಂದಿನ ಗೋಡೆಯಿಂದ ಒಂದು ಮುಷ್ಟಿ ಮಣ್ಣು ಕೆರೆದು ನೋಡೋಣ. ನೀನು ಬರುವಾಗ ಮುಚ್ಚಳ ಇರುವ ಒಂದು ಗಾಜಿನ ಬಾಟಲಿ ತಗೊಂಡು ಬಾ. ಮಕ್ಕಳನ್ನೂ ಕರೆದುಕೊಂಡು ಬಾ, ಹೆಂಚು ತಟ್ಟುವುದನ್ನು ಅವರಿಗೆ ನಾನು ಹೇಳಿಕೊಡುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅತ್ತೆ