ವಾರ್ಡಿಗೆ ಮೇಷ್ಟ್ರು ಯಾವಾಗ ಬರುತ್ತಾರೆ?

ಮಾನ್ಯರೇ,

ಮೆಡಿಕಲ್ ವಿದ್ಯಾರ್ಥಿಗಳಿಗೆ ರೋಗಿಯ ಪಕ್ಕ ನಿಂತು ಪಾಠ ಹೇಳುವವರೇ ಇಲ್ಲ ಎಂಬ ಸೋಮವಾರದ ವರದಿ ನೂರಕ್ಕೆ ನೂರು ನಿಜ. ನಿನ್ನೆಯಷ್ಟೇ ಕಣ್ಣಾರೆ ನೋಡಿ ಬಂದಿದ್ದೇನೆ.

ದಮ್ಮು ಜಾಸ್ತಿಯಾಗಿ ಅವ್ವನನ್ನು ನಮ್ಮೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿ ನಾಲ್ಕು ದಿನ. ಲಿಫ್ಟ್ ಕೆಟ್ಟಿತ್ತು. 78 ವರ್ಷದ ಮುದುಕಿಯನ್ನು ನಾನೂ ನನ್ನ ತಮ್ಮನೂ ಕುರ್ಚಿ ಸಮೇತ ಎರಡನೇ ಮಹಡಿಗೆ ಹೊತ್ತೆವು. ನನ್ನ ಸೊಂಟ ಇನ್ನೂ ಹಿಡಿದುಕೊಂಡಿದೆ. ನಿನ್ನೆ ಬೆಳಿಗ್ಗೆ ಆರು ವಿದ್ಯಾರ್ಥಿಗಳು ಬಂದರು. ಅವ್ವನನ್ನು ಒಬ್ಬರೂ ಮಾತಾಡಿಸಲಿಲ್ಲ. ಫೈಲ್ ನೋಡಿ ಬರೆದುಕೊಂಡರು, ಎಕ್ಸ್‌ರೇಯ ಫೋಟೊ ಹೊಡೆದುಕೊಂಡರು. ಒಬ್ಬ ಸೆರಗಿನ ಮೇಲೆಯೇ ಸ್ಟೆತಸ್ಕೋಪ್ ಇಟ್ಟ. ಬಟ್ಟೆ ಉಜ್ಜುವ ಸದ್ದು ಬಿಟ್ಟು ಬೇರೇನು ಕೇಳಿಸೀತು? ಒಬ್ಬ ಹುಡುಗಿ ಮಾತ್ರ ಬೆನ್ನು ತಟ್ಟಿ ನೋಡಲು ಹೋದಳು. ಅಂಗೈಯಿಂದಲೇ ಹೊಡೆದಳು! ಅವ್ವ ಮುಖ ಕಿವುಚಿದಳು. ಆ ಮಗುವಿನದೇನು ತಪ್ಪು? ತೋರಿಸಿಕೊಡುವ ಮೇಷ್ಟ್ರು ಅಲ್ಲಿರಲಿಲ್ಲ.

ಸಂಜೆ ಹಿರಿಯ ಡಾಕ್ಟರೊಬ್ಬರು ಬಂದರು. ಎಡಗೈ ನಡುಬೆರಳನ್ನು ಬೆನ್ನಿಗೆ ಒತ್ತಿಟ್ಟು, ಬಲಗೈ ನಡುಬೆರಳ ತುದಿಯಿಂದ ಟಕ್ ಟಕ್ ಎಂದು ಮೇಲಿನಿಂದ ತಟ್ಟುತ್ತಾ ಬಂದರು. ಮೇಲೆ ಟೊಳ್ಳು ಸದ್ದು. ಕೆಳಗೆ ಕಲ್ಲು ತಟ್ಟಿದ ಹಾಗೆ. ನನಗೂ ಕೇಳಿಸಿತು. "ಇಲ್ಲಿ ನೀರು ತುಂಬಿದೆ" ಎಂದರು. ಎಕ್ಸ್‌ರೇ ಹೇಳಿದ್ದನ್ನೇ ಎರಡು ಬೆರಳು ಹೇಳಿದವು. ಆದರೆ ಕಲಿಯಬೇಕಾದ ಆರು ಮಂದಿಯಲ್ಲಿ ಒಬ್ಬರೂ ಆಗ ಇರಲಿಲ್ಲ.

ಹೀಗೆ ತಟ್ಟಿ ನೋಡುವುದನ್ನು ವಿಯೆನ್ನಾದ ಡಾಕ್ಟರೊಬ್ಬರು 1761ರಲ್ಲೇ ಬರೆದಿಟ್ಟಿದ್ದಾರೆ. ಸ್ಟೆತಸ್ಕೋಪ್ ಬಂದದ್ದು 1816ರಲ್ಲಿ. ಬೆರಳಿಗೆ ಕರೆಂಟೂ ಬೇಡ, ಟೆಂಡರೂ ಬೇಡ. ಈ ಮಕ್ಕಳೇ ನಾಳೆ ದೇವದುರ್ಗದ ಕಡೆ ಯಾವುದೋ ಹಳ್ಳಿಯಲ್ಲಿ ಕೂರುತ್ತಾರೆ. ರಾತ್ರಿ ಹೊತ್ತು ದಮ್ಮಿನ ರೋಗಿ ಬಂದರೆ ಎಕ್ಸ್‌ರೇ ಎಲ್ಲಿಂದ ತರುತ್ತಾರೆ?

ವಿದ್ಯಾರ್ಥಿಗಳು ಏನೇನು ಕಲಿತರು ಎಂದು ಬರೆದಿಡುವ ಲಾಗ್‌ಬುಕ್‌ಗೆ ಮಾತ್ರ ಸಹಿ ಬೀಳುತ್ತದೆ. ಸಹಿ ಹಾಕುವುದರಲ್ಲಿ ನಮ್ಮ ಅಧಿಕಾರಿಗಳು ಹಿಂದೆ ಬಿದ್ದವರಲ್ಲ. ನಮ್ಮ ಓಣಿಯ ಚರಂಡಿ ಸ್ವಚ್ಛವಾಗಿದೆ ಎಂದೂ ಸಹಿ ಹಾಕಿದ್ದಾರೆ. ಹೋದ ವರ್ಷ ಇದೇ ಲಿಫ್ಟಿನ ಬಗ್ಗೆ ಅರ್ಜಿ ಕೊಟ್ಟಾಗ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದು ಮೂರು ಸಲ ಓಡಾಡಿಸಿದರು. ಏಮ್ಸ್ ಬೇಕೆಂದು ರಾಯಚೂರಿನ ಜನ 2022ರಲ್ಲಿ ಧರಣಿ ಶುರು ಮಾಡಿದರು. ನಾನೂ ಹೋಗಿ ಕೂತಿದ್ದೆ. ಏಮ್ಸ್ ಬರಲೇಬೇಕು. ಆದರೆ ಇರುವ ವಾರ್ಡಿಗೆ ಮೇಷ್ಟ್ರನ್ನು ಕಳಿಸಲು ದೆಹಲಿಯ ಅಪ್ಪಣೆ ಬೇಕಾ?

ಸಂಬಂಧಪಟ್ಟವರು ಮೇಷ್ಟ್ರನ್ನು ವಾರ್ಡಿಗೆ ಕಳಿಸಲಿ. ಲಿಫ್ಟನ್ನೂ ರಿಪೇರಿ ಮಾಡಿಸಲಿ. ನಾಡಿದ್ದು ಅವ್ವನನ್ನು ಮತ್ತೆ ಕುರ್ಚಿಯಲ್ಲೇ ಹೊತ್ತು ಇಳಿಸಬೇಕು. ಸ್ವಲ್ಪವಾದರೂ ನಾಚಿಕೆ ಬೇಡವಾ ಇವರಿಗೆ?

— ನಿವೃತ್ತ ವಿಜ್ಞಾನ ಶಿಕ್ಷಕ, ರಾಯಚೂರು